ಕಾರ್ಡಿನ ಬೆನ್ನಿನ ಮೂರು ಅಂಕಿ

ಪುಣೆಯ ಬಂಡ್‌ಗಾರ್ಡನ್ ರಸ್ತೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಕುಳಿತು ನೀತಾ ಅಂಗಡಿ ಒಂಬತ್ತು ವರ್ಷ ಒಂದೇ ಪ್ರಶ್ನೆ ಕೇಳಿದಳು. ಕಿವಿಗೆ ಫೋನು ಸಿಕ್ಕಿಸಿಕೊಂಡು, ಎದುರಿನ ಪರದೆಯ ಮೇಲೆ ಬಂದ ಹೆಸರು ಓದಿಕೊಂಡು, ಆ ಹೆಸರಿನವರಿಗೆ ಕರೆ ಮಾಡಿ, "ನಿಮ್ಮ ಕಾರ್ಡಿನ ಮೇಲೆ ಇಂಟರ್‌ನೆಟ್‌ನಲ್ಲಿ ಒಂದು ಖರೀದಿ ಆಗಿದೆ. ಅದನ್ನು ನೀವೇ ಮಾಡಿದ್ದಾ?" ಎಂದು ಕೇಳುವುದು ಅವಳ ಕೆಲಸ. ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ಹುಬ್ಬಳ್ಳಿ ಬೆಳಗಾವಿ ಕಡೆಯ ಹೆಸರು ಕಂಡರೆ ಕನ್ನಡದಲ್ಲಿ. ಹೌದು ಅಂದರೆ ಸಾಮಾನು ಹೊರಡುತ್ತಿತ್ತು. ಅಲ್ಲ ಅಂದರೆ ಕಾರ್ಡು ಅಲ್ಲಿಗೇ ಬಂದ್.

ಅವಳ ತಂದೆ ಫಕೀರಪ್ಪ ಬೈಲಹೊಂಗಲದಿಂದ ಬಂದು ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತನಾಗಿದ್ದವನು. ತೊಂಬತ್ತೈದನೆಯ ಇಸವಿಯಲ್ಲಿ ಕಾಮಾಲೆಯಾಗಿ ಹದಿನೆಂಟೇ ದಿನದಲ್ಲಿ ಹೋಗಿಬಿಟ್ಟ. ಆಗ ನೀತಾಗೆ ಇಪ್ಪತ್ತು, ಬಿ.ಕಾಂ ಎರಡನೆಯ ವರ್ಷ. ತಮ್ಮ ಮಾಂತುಗೆ ಹದಿನಾಲ್ಕು. ತಾಯಿ ರುದ್ರವ್ವನಿಗೆ ಮರಾಠಿ ಅರ್ಥವಾಗುತ್ತಿತ್ತು, ಆದರೆ ಬಾಯಿಬಿಟ್ಟರೆ ಬೈಲಹೊಂಗಲವೇ ಹೊರಬರುತ್ತಿತ್ತು. ಹೀಗಾಗಿ ಕಾರ್ಖಾನೆಯ ಸಾಹೇಬರ ಮುಂದೆ ನಿಂತು ತಂದೆಯ ಪಿ.ಎಫ್. ಕೇಳಿದವಳು ನೀತಾ. ಮಾಂತುನ ಶಾಲೆಗೆ ಹೋಗಿ ಫೀಗೆ ತಿಂಗಳು ತಡೆಯಿರಿ ಅಂದವಳೂ ಅವಳೇ. ಮಧ್ಯಾಹ್ನ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಟೈಪಿಂಗ್, ಸಂಜೆ ಮಕ್ಕಳಿಗೆ ಟ್ಯೂಷನ್. ಹೀಗೆ ಐದು ವರ್ಷ ಕಳೆದವು. ಎರಡು ಸಾವಿರನೆಯ ಇಸವಿಯಲ್ಲಿ ಒಂದು ಕ್ರೆಡಿಟ್ ಕಾರ್ಡ್ ಕಂಪನಿಯ ಈ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಮಾಂತುನ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾದ ಬಾಕಿ ತುಂಬಿದಳು. ಅವಳ ಲಗ್ನದ ಮಾತು ಎರಡು ಮೂರು ಸಲ ಬಂತು. "ಮಾಂತು ಒಂದು ದಡ ಮುಟ್ಟಲಿ" ಎಂದು ಅವಳೇ ಮುಂದೂಡಿದಳು. ಆಮೇಲೆ ಮಾತು ಬರುವುದೂ ಕಡಿಮೆಯಾಯಿತು.

ಮಾಂತು ಚೆಲುವ. ಮಾತಿನಲ್ಲಿ ಚುರುಕು. ಎರಡು ಸಾವಿರದ ಎರಡರಲ್ಲಿ ಲೋಣಾವಳಾದ ಒಂದು ಹೋಟೆಲಿನ ಕೌಂಟರಿನಲ್ಲಿ ಕೆಲಸ ಸಿಕ್ಕಾಗ ರುದ್ರವ್ವ ಓಣಿಗೆಲ್ಲ ಪೇಢೆ ಹಂಚಿದಳು. ಅವನು ಹದಿನೈದು ದಿನಕ್ಕೊಮ್ಮೆ ಲೋಕಲ್ ಹಿಡಿದು ಬರುತ್ತಿದ್ದ. ಬರುವಾಗ ಚಿಕ್ಕಿಯ ಪೊಟ್ಟಣ ತರುತ್ತಿದ್ದ. ಅಂದು ಮೂವರೂ ಒಟ್ಟಿಗೆ ಕೂತು ಉಣ್ಣುವ ಹೊತ್ತಿಗೆ ರುದ್ರವ್ವ ಮಗಳ ಆಫೀಸಿನ ಸುದ್ದಿ ಕೇಳುವಳು. ಅವಳಿಗೆ ಅದೊಂದು ಕತೆ ಇದ್ದ ಹಾಗೆ.

"ಇವತ್ತ ಎಷ್ಟ ಮಂದಿ ಕಳ್ಳರನ್ನ ಹಿಡದೀ?"

"ನಾ ಹಿಡ್ಯಾಂಗಿಲ್ಲವ್ವಾ. ನಾ ಬರೇ ಕೇಳಾಕಿ."

ಅಂಥದೇ ಒಂದು ದಿನ, ಎರಡು ಸಾವಿರದ ಮೂರರ ದೀಪಾವಳಿಯ ಹಿಂದಿನ ರವಿವಾರ, ನೀತಾ ತನ್ನ ಪರ್ಸಿನಿಂದ ಕಾರ್ಡು ತೆಗೆದು ತಿರುಗಿಸಿ ಹಿಡಿದು ತಾಯಿಗೂ ತಮ್ಮನಿಗೂ ತೋರಿಸಿದಳು. ಸಹಿಯ ಪಟ್ಟಿಯ ಪಕ್ಕದಲ್ಲಿ ಸಣ್ಣಗೆ ಮೂರು ಅಂಕಿ.

"ಮುಂದಿನ ಹದಿನಾರು ಅಂಕಿ ಅಂಗಡಿಯವರ ಚೀಟಿ ಮ್ಯಾಲೆ ಅಚ್ಚ ಆಗತಾವು. ಆ ಚೀಟಿ ಕಸದ ಬುಟ್ಟ್ಯಾಗ ಬಿದ್ರ ಯಾರ ಬೇಕಾದವರು ಆರಿಸ್ಕೋಬಹುದು. ಆದ್ರ ಈ ಮೂರು ಅದಾವಲ್ಲ, ಇವು ಚೀಟಿ ಮ್ಯಾಲೆ ಬರಂಗಿಲ್ಲ. ಈ ಕರೀ ಪಟ್ಟಿಯೊಳಗೂ ಇಲ್ಲ. ಅಂಗಡಿಯವರು ಬರದಿಟ್ಕೋಬಾರದು ಅಂತ ರೂಲ್ ಅದ. ಇಂಟರ್‌ನೆಟ್‌ನ್ಯಾಗ ಯಾರರ ಈ ಮೂರು ಅಂಕಿ ಬರೋಬ್ಬರಿ ಹೊಡದ್ರು ಅಂದ್ರ, ಕಾರ್ಡ್ ಅವರ ಕೈಯಾಗ ಅದ ಅಂತ ಅರ್ಥ."

"ಹಂಗಾರ ಈ ಮೂರ ಇಲ್ದ ಉಳದದ್ದೆಲ್ಲ ಸುಳ್ಳ?" ಮಾಂತು ಕಾರ್ಡನ್ನು ತನ್ನ ಕೈಗೆ ತೆಗೆದುಕೊಂಡು ಕೇಳಿದ.

"ಸುಳ್ಳs. ದೊಡ್ಡ ದೊಡ್ಡ ಸೈಟ್‌ನವರು ಈಗ ಇವಿಲ್ದ ಮುಂದ ಬಿಡಾಂಗಿಲ್ಲ."

ತಮ್ಮ ತನ್ನ ಕೆಲಸದಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಅಂದು ಅವಳಿಗೆ ಖುಷಿಯಾಗಿತ್ತು. ಆ ಖುಷಿಯನ್ನು ಅವಳು ಮುಂದೆ ಎಷ್ಟೋ ಸಲ ನೆನೆದು ತನ್ನನ್ನೇ ಹಳಿದುಕೊಂಡಳು.

ಎರಡು ಸಾವಿರದ ನಾಲ್ಕರ ಜುಲೈ. ಗುರುವಾರ ಅವಳು ನಾಶಿಕದ ಒಬ್ಬ ವಕೀಲರಿಗೆ ಕರೆ ಮಾಡಿದಳು. ಅವರ ಕಾರ್ಡಿನಿಂದ ಎರಡು ಮೊಬೈಲ್ ಫೋನು ತರಿಸಲು ಯಾರೋ ಆರ್ಡರ್ ಕೊಟ್ಟಿದ್ದರು. ತಾನಲ್ಲವೆಂದು ವಕೀಲರು ಕೂಗಾಡಿದರು. ಕಾರ್ಡು ಬಂದ್ ಮಾಡಿ, ಇಂಥ ಕರೆಯಲ್ಲಿ ಕೊನೆಗೆ ಯಾವಾಗಲೂ ಕೇಳಬೇಕಾದದ್ದನ್ನು ಕೇಳಿದಳು. ಕಾರ್ಡನ್ನು ಈಚೆಗೆ ಯಾರ ಕೈಗೆ ಕೊಟ್ಟಿದ್ದಿರಿ? ವಕೀಲರು ನಾಲ್ಕು ಜಾಗ ಹೇಳಿದರು. ಅದರಲ್ಲಿ ಲೋಣಾವಳಾದ ಒಂದು ಹೋಟೆಲ್ ಇತ್ತು.

ಅದು ಮಾಂತುನ ಹೋಟೆಲು. ಹೆಸರು ಕೇಳಿ ಅವಳ ಪೆನ್ನು ಒಂದು ಗಳಿಗೆ ನಿಂತಿತು. ಲೋಣಾವಳಾಕ್ಕೆ ಯಾರು ತಾನೇ ಹೋಗುವುದಿಲ್ಲ ಎಂದುಕೊಂಡು ಬರೆದುಕೊಂಡಳು. ಶುಕ್ರವಾರ ಮುಂಬೈ ಪಕ್ಕದ ಠಾಣೆ ಊರಿನ ಒಬ್ಬ ಹೆಂಗಸು ಹೇಳಿದ ಮೂರು ಜಾಗದಲ್ಲಿ ಅದೇ ಹೋಟೆಲ್ ಬಂತು. ಶನಿವಾರ ಮಧ್ಯಾಹ್ನ ಔಂಧದ ಒಬ್ಬ ಡಾಕ್ಟರು, "ಎರಡು ತಿಂಗಳಲ್ಲಿ ಆ ಕಾರ್ಡು ತೆಗೆದದ್ದೇ ಒಂದು ಸಲ, ಲೋಣಾವಳಾದಲ್ಲಿ" ಎಂದು ಅದೇ ಹೋಟೆಲಿನ ಹೆಸರು ಹೇಳಿದರು.

ಮೂರೂ ಸಲ ಕಳ್ಳನು ಹಿಂಬದಿಯ ಅಂಕಿಗಳನ್ನು ಒಂದೇ ಏಟಿಗೆ ಸರಿಯಾಗಿ ಹೊಡೆದಿದ್ದ. ಕಸದ ಬುಟ್ಟಿಯಿಂದ ಆರಿಸಿದ ಚೀಟಿಯಾಗಿದ್ದರೆ ಆ ಮೂರು ಅಂಕಿ ಸಿಗುತ್ತಿರಲಿಲ್ಲ. ಕಾರ್ಡನ್ನು ಯಾರೋ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬರೆದುಕೊಂಡಿದ್ದಾರೆ. ಹೋಟೆಲಿನಲ್ಲಿ ಕಾರ್ಡು ಕೈಯಲ್ಲಿ ಹಿಡಿಯುವವನು ಕೌಂಟರಿನವನು.

ಒಂದೇ ಜಾಗ ಮೂರು ಸಲ ಬಂದರೆ ಅದೇ ದಿನ ಒಂದು ಹಾಳೆ ತುಂಬಿ ಮೇಲಿನವರಿಗೆ ಕೊಡಬೇಕೆಂಬ ಕಟ್ಟಳೆ ಅವರ ಸೆಕ್ಷನ್ನಿನಲ್ಲಿತ್ತು. ಕೊಟ್ಟೊಡನೆ ಆ ಜಾಗದಲ್ಲಿ ಓಡಾಡಿದ ಎಲ್ಲ ಕಾರ್ಡುಗಳನ್ನೂ ತಡೆಹಿಡಿದು, ಒಬ್ಬೊಬ್ಬರಿಗೂ ಕರೆ ಮಾಡುತ್ತಿದ್ದರು. ನೀತಾ ಹಾಳೆ ತುಂಬಿದಳು. ಹೋಟೆಲಿನ ಹೆಸರು ಬರೆದಳು, ತಾರೀಖು ಹಾಕಿದಳು. ಎದ್ದು ಅಧಿಕಾರಿ ದೇವದಾಸ್ ಅವರ ಕೋಣೆಯ ಬಾಗಿಲತನಕ ಹೋದಳು. ಅವರು ಫೋನಿನಲ್ಲಿದ್ದರು, ಕೈಸನ್ನೆ ಮಾಡಿ ತಡೆ ಎಂದರು. ಅಷ್ಟೇ ಸಾಕಾಯಿತು ಅವಳಿಗೆ. ಹಿಂದಿರುಗಿ ಹಾಳೆಯನ್ನು ಡ್ರಾವರಿನಲ್ಲಿಟ್ಟು ಬೀಗ ಹಾಕಿದಳು. ನಾಳೆ ರವಿವಾರ. ಅವನನ್ನೇ ಒಮ್ಮೆ ಕೇಳಿಬಿಡೋಣ ಅಂದುಕೊಂಡಳು. ಬೇರೆ ಯಾರೋ ಇರಬಹುದು. ಕೌಂಟರಿನಲ್ಲಿ ಮೂರು ಜನ ಪಾಳಿಯ ಮೇಲೆ ಕೂರುತ್ತಾರೆ ಎಂದು ಅವನೇ ಹೇಳಿದ್ದನಲ್ಲ.

ಮರುದಿನ ತಾಯಿಗೆ ಆಫೀಸಿನ ಕೆಲಸವಿದೆ ಎಂದು ಹೇಳಿ ಕಾಸರವಾಡಿಯಿಂದ ಲೋಕಲ್ ಹತ್ತಿದಳು. ಲೋಣಾವಳಾದಲ್ಲಿ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಹೋಟೆಲಿನ ಬಾಗಿಲಲ್ಲಿ ಛತ್ರಿ ಮಡಚುತ್ತ ನಿಂತವಳನ್ನು ನೋಡಿ ಮಾಂತು ಕೌಂಟರಿನಿಂದಲೇ ನಕ್ಕ. ಮರುಕ್ಷಣ ಅವಳ ಮುಖ ನೋಡಿ ನಗು ನಿಲ್ಲಿಸಿದ. ಆ ನಿಲ್ಲಿಸಿದ್ದರಲ್ಲೇ ಅವಳಿಗೆ ಉತ್ತರ ಸಿಕ್ಕಿಬಿಟ್ಟಿತು.

ಅವನು ಅವಳನ್ನು ಹಿಂದಿನ ಓಣಿಯ ಚಹಾದ ಅಂಗಡಿಗೆ ಕರೆದೊಯ್ದ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸಪ್ಪಳಕ್ಕೆ ಇಬ್ಬರೂ ಜೋರಾಗಿ ಮಾತಾಡಬೇಕಾಯಿತು. ಇಂಥ ಮಾತನ್ನು ಜೋರಾಗಿ ಆಡುವುದೆಂದರೆ ಅವಳಿಗೆ ಇನ್ನೂ ಸಂಕಟ.

"ಎಷ್ಟ ಕಾರ್ಡ್ ಬರದ್ ಕೊಟ್ಟೀದಿ ಮಾಂತು?"

ಅವನು ಗ್ಲಾಸನ್ನೇ ನೋಡುತ್ತಿದ್ದ. "ಮೂವತ್ತ, ಮೂವತ್ತೈದ."

"ಯಾರಿಗೆ?"

"ಮುಂಬೈಯಿಂದ ಒಬ್ಬ ಬರ್ತಾನ, ವಾರಕ್ಕೊಮ್ಮೆ. ಒಂದ ಕಾರ್ಡಿಗೆ ಮುನ್ನೂರು ಕೊಡ್ತಾನ. ನಾ ಏನೂ ತರಿಸಿಲ್ಲ ಅಕ್ಕಾ. ಅಂಕಿ ಬರದ್ ಕೊಡೂದಷ್ಟ."

"ಮೂರು ಅಂಕೀನೂ?"

"ಮೊದಲ ಬರೇ ಮುಂದಿನ ನಂಬರ್ ಕೊಡ್ತಿದ್ದೆ. ನಡಿಯಾಂಗಿಲ್ಲ ಅಂದ ಅಂವಾ." ಗ್ಲಾಸನ್ನು ಪಕ್ಕಕ್ಕೆ ಸರಿಸಿ ಹೇಳಿದ. "ಯಾಕ ನಡಿಯಾಂಗಿಲ್ಲ ಅನ್ನೂದು ನಿನ್ನ ಕಡೆ ಕೇಳಿದ ಮ್ಯಾಲೆ ಗೊತ್ತಾತು."

ನೀತಾ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರ್ದೂ ಏನೂ ಹೋಗೂದಿಲ್ಲ ಅಕ್ಕಾ. ಬ್ಯಾಂಕಿನವರು ಎಲ್ಲಾರಿಗೂ ತುಂಬಿ ಕೊಡ್ತಾರ. ನೀನs ಹೇಳೀದಿ."

"ಯಾಕ ಮಾಡಿದ್ಯೋ? ನಿನಗೇನ ಕಡಿಮಿ ಮಾಡಿದ್ದೆ ನಾ?"

"ನೀ ಕಡಿಮಿ ಮಾಡಲಿಲ್ಲ, ಅದಕ್ಕs." ಅವನು ಈಗ ತಲೆ ಎತ್ತಿ ಅವಳನ್ನು ನೋಡಿದ. "ನಿನ್ನ ಲಗ್ನಕ್ಕಂತ ಕೂಡಿಸಾಕತ್ತಿದ್ದೆ. ನಿನಗ ಇಪ್ಪತ್ತೊಂಬತ್ತ ಆತು. ಓಣ್ಯಾಗ ಮಂದಿ ಏನ ಅಂತಾರ ಅನ್ನೂದು ನನಗ ಕೇಳಸಾಂಗಿಲ್ಲೇನು?"

ಅದು ನಿಜವೋ, ಆ ಗಳಿಗೆಗೆ ಬಾಯಿಗೆ ಬಂದ ಮಾತೋ, ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಂದು ಮಾತ್ರ ನಂಬಿದಳು. ನಂಬಿ, ಅವನ ಒದ್ದೆ ತೋಳು ಹಿಡಿದುಕೊಂಡು ಹೇಳಿದಳು: "ನಾಳೆ ಸೋಮವಾರ ಮುಂಜಾನೆ ನೀನs ಆಫೀಸಿಗೆ ಬಾ. ದೇವದಾಸ್ ಸಾಹೇಬರ ಮುಂದ ಎಲ್ಲಾ ಹೇಳು. ತಾನಾಗಿ ಬಂದ ಹೇಳಿದಂವಗ ಬ್ಯಾರೇನs ನೋಡ್ತಾರ. ನಾ ನಿನ್ನ ಸಂಗಾಟ ಇರ್ತೀನಿ."

"ಬರ್ತೀನಿ ಅಕ್ಕಾ. ಅವ್ವಗ ಹೇಳಬ್ಯಾಡ."

"ಬರ್ತೀ ಹೌದಿಲ್ಲೋ?"

"ಅಪ್ಪನ ಆಣಿ, ಬರ್ತೀನಿ."

ಸೋಮವಾರ ಅವಳು ಎಂಟೂವರೆಗೇ ಆಫೀಸು ಸೇರಿ ಕಿಟಕಿಯಿಂದ ರಸ್ತೆ ನೋಡುತ್ತ ನಿಂತಳು. ಹತ್ತಾಯಿತು. ಹನ್ನೊಂದಾಯಿತು. ಹೋಟೆಲಿಗೆ ಫೋನ್ ಮಾಡಿದರೆ ಮಾಂತು ಇಂದು ಬಂದಿಲ್ಲ ಎಂದರು. ಹಾಗಾದರೆ ಹೊರಟಿದ್ದಾನೆ, ಲೋಕಲ್ ತಡವಾಗಿದೆ, ಘಾಟಿನಲ್ಲಿ ಮಳೆ ಎಂದೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ, ದೂರು ಕೊಡುವವರ ಲೈನಿನಿಂದ ಒಂದು ಕರೆ ಅವಳ ಕಡೆ ಬಂತು. ಮುದುಕರ ದನಿ, ಬೆಳಗಾವಿಯ ಕನ್ನಡ. ಹೆಸರು ಬಾಳಕೃಷ್ಣ ಇನಾಮದಾರ, ಅಂಚೆ ಇಲಾಖೆಯಿಂದ ನಿವೃತ್ತರು, ಕೊಂಢವಾದಲ್ಲಿ ಮಗಳ ಮನೆಯಲ್ಲಿ ಇರುವವರು.

"ನೋಡವಾ, ನಾ ದವಾಖಾನಿಂದ ಮಾತಾಡ್ಲಿಕತ್ತೀನಿ. ನಮ್ಮ ಮನಿಯವರಿಗೆ ಎದಿ ನೋವು ಬಂದದ. ಒಳಗ ತೊಗೊಂಡಾರ. ಇಲ್ಲೆ ಕೌಂಟರ್‌ನ್ಯಾಗ ಡಿಪಾಸಿಟ್ ತುಂಬ್ರಿ ಅಂತಾರ. ಮಗಳು ಸಾಲಿ ಹುಡುಗರನ್ನ ಕರ್ಕೊಂಡು ಸಹಲಿಗೆ ಮಹಾಬಳೇಶ್ವರಕ್ಕ ಹೋಗ್ಯಾಳ. ಆಕಿ ಕೊಟ್ಟ ಕಾರ್ಡ್ ಅದ ನನ್ನ ಹತ್ರ. ಅದು ನಡೀವಲ್ದು. ಹೊಡದ್ರ ಒಲ್ಲೆ ಅಂತದ."

ನೀತಾ ಪರದೆ ನೋಡಿದಳು. ಕಾರ್ಡಿನ ಮಿತಿ ಇಪ್ಪತ್ತು ಸಾವಿರ. ರವಿವಾರ ಸಂಜೆ ಒಂದರ ಹಿಂದೆ ಒಂದರಂತೆ ಆರು ಖರೀದಿ ಆಗಿದ್ದವು. ಒಂದೊಂದೂ ಸಣ್ಣದು, ಕರೆ ಮಾಡಿ ವಿಚಾರಿಸುವ ಮೊತ್ತಕ್ಕಿಂತ ಕೆಳಗಿನದು. ಹೀಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಳಿದದ್ದು ನೂರಾ ಹನ್ನೆರಡು ರೂಪಾಯಿ.

"ಇಂಟರ್‌ನೆಟ್‌ನ್ಯಾಗ ಏನರ ತರಿಸೀರೇನ್ರಿ?"

"ನನಗ ಅದು ಬರಂಗೇ ಇಲ್ಲವಾ."

"ಈ ಕಾರ್ಡ್ ಎಲ್ಲೆಲ್ಲಿ ಕೊಟ್ಟಿದ್ರಿ?"

"ಎಲ್ಲೀ ಇಲ್ಲ. ಒಂದ ಸಲ. ಹೋದ ತಿಂಗಳ ನಮ್ಮ ಲಗ್ನ ಆಗಿ ನಲವತ್ತ ವರ್ಷ ಆತು. ಲೋಣಾವಳಾಕ್ಕ ಹೋಗಿದ್ವಿ. ಅಂಬಾಗ ಅಲ್ಲಿ ಮಳಿ ನೋಡೂದಿತ್ತು."

ಶನಿವಾರ ಆ ಹಾಳೆ ಡ್ರಾವರಿನ ಬದಲು ದೇವದಾಸರ ಮೇಜಿಗೆ ಹೋಗಿದ್ದರೆ, ಬಾಳಕೃಷ್ಣರ ಕಾರ್ಡು ಅಂದೇ ಸಂಜೆ ತಡೆಹಿಡಿದವುಗಳ ಪಟ್ಟಿಯಲ್ಲಿರುತ್ತಿತ್ತು. ಅವರಿಗೂ ಅಂದೇ ಕರೆ ಹೋಗುತ್ತಿತ್ತು. ಅವಳು ಎದ್ದಳು. ಡ್ರಾವರಿನ ಬೀಗ ತೆಗೆದಳು. ಹಾಳೆ ತೆಗೆದುಕೊಂಡು ದೇವದಾಸರ ಕೋಣೆಗೆ ಹೋಗಿ, ಬಾಗಿಲು ಹಾಕದೆಯೇ ಹೇಳಿದಳು: ಇದು ಶನಿವಾರದ್ದು, ನಾನು ಇಟ್ಟುಕೊಂಡಿದ್ದೆ, ಆ ಕೌಂಟರಿನವನು ನನ್ನ ತಮ್ಮ. ಮೊದಲು ದವಾಖಾನೆಯಲ್ಲಿರುವ ಒಬ್ಬರ ಕಾರ್ಡು ಬಿಡಿಸಿಕೊಡಿ, ಉಳಿದದ್ದನ್ನು ಆಮೇಲೆ ಕೇಳಿ.

ದೇವದಾಸ್ ಒಳ್ಳೆಯ ಮನುಷ್ಯ. ಏನೂ ಕೇಳದೆ ಫೋನು ಎತ್ತಿದರು. ಆದರೆ ಹೋದ ಹಣವನ್ನು ಕಾರ್ಡಿಗೆ ಮರಳಿ ಹಾಕಬೇಕಾದರೆ ಮುಂಬೈನಿಂದ ಒಪ್ಪಿಗೆ ಬರಬೇಕಿತ್ತು. ಅಲ್ಲಿಯ ಅಧಿಕಾರಿ ಊಟಕ್ಕೆ ಹೋಗಿದ್ದರು. ಆಮೇಲೆ ಮೀಟಿಂಗಿನಲ್ಲಿದ್ದರು. ನೀತಾ ಮಧ್ಯೆ ಎರಡು ಸಲ ಬಾಳಕೃಷ್ಣರ ಮೊಬೈಲಿಗೆ ಕರೆ ಮಾಡಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದಳು. ಒಂದು ಸಲ ಅವರು ಕೌಂಟರಿನ ಮುಂದೆ ನಿಂತಿದ್ದರು. ಇನ್ನೊಂದು ಸಲ ರಸ್ತೆಯಾಚೆಯ ಬ್ಯಾಂಕಿನಲ್ಲಿ, ಹಣ ತೆಗೆಯುವ ಸಾಲಿನಲ್ಲಿ. ಮೂರೂ ಮುಕ್ಕಾಲಿಗೆ ಒಪ್ಪಿಗೆ ಬಂತು. ಕೂಡಲೇ ಕರೆ ಮಾಡಿದಳು.

"ಆತ್ರಿ ಸರ್, ಈಗ ಕಾರ್ಡ್ ನಡೀತದ. ಹೋಗಿ ಕೊಡ್ರಿ."

"ಈಗ ಬ್ಯಾಡವಾ" ಎಂದರು ಬಾಳಕೃಷ್ಣ. "ಆಕಿ ಹೋದಳು. ನಾ ಬ್ಯಾಂಕಿನ ಸಾಲಿನ್ಯಾಗ ಇದ್ದೆ."

ಬುಧವಾರ ಪೊಲೀಸರು ಮಾಂತುನನ್ನು ಕಲ್ಯಾಣ ಸ್ಟೇಷನ್ನಿನಲ್ಲಿ ಹಿಡಿದರು. ಅವನ ಪೆಟ್ಟಿಗೆಯಲ್ಲಿ ಒಂದು ಹೊಸ ಮೊಬೈಲು, ಒಂದು ಜೊತೆ ಹೊಸ ಬೂಟು ಸಿಕ್ಕಿದವು. ಲಗ್ನಕ್ಕೆಂದು ಕೂಡಿಟ್ಟ ಹಣ ಏನೂ ಸಿಗಲಿಲ್ಲ. ಮುಂಬೈಯವನು ಕೊನೆಗೂ ಸಿಗಲೇ ಇಲ್ಲ.

ರುದ್ರವ್ವನಿಗೆ ಹೇಳಿದವಳು ನೀತಾಳೇ. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಒಲೆಯ ಮುಂದೆ ಕೂತು ಎಲ್ಲ ಹೇಳಿದಳು. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನದು ಸೀದು ಹೊಗೆಯೆದ್ದಾಗ ಕೇಳಿದಳು:

"ಆ ಕಾಗದ ಯಾರ ಬರದ್ರು?"

"ನಾ."

"ನಿನ್ನ ಕೈಲೇ?"

"ಹೂಂ ಅವ್ವಾ."

"ಅಂವಗ ಅಂಕಿ ಕಲಿಸಿದಾಕೀನೂ ನೀನs" ಎಂದಳು ರುದ್ರವ್ವ. ಒಂದು, ಎರಡು ಎಣಿಸುವುದರಿಂದ ಮಗ್ಗಿಯ ತನಕ ಮಾಂತುಗೆ ಕಲಿಸಿದ್ದು ಅಕ್ಕನೇ, ಅದನ್ನು ನೆನೆದು ಆಡಿದ ಮಾತು ಅದು. ದೀಪಾವಳಿಯ ಮುಂಚಿನ ಆ ಊಟ ಅವಳಿಗೆ ನೆನಪೂ ಇರಲಿಲ್ಲ. ನೀತಾಗೆ ಇತ್ತು. ಮರುದಿನದಿಂದ ರುದ್ರವ್ವ ಡಬ್ಬಿ ಕಟ್ಟಿಕೊಂಡು ಪೊಲೀಸ್ ಠಾಣೆಗೂ ಆಮೇಲೆ ಯರವಡಾ ಜೇಲಿಗೂ ಎರಡೆರಡು ಬಸ್ಸು ಬದಲಿಸಿ ಹೋಗತೊಡಗಿದಳು. ಮಗಳ ಮೇಲೆ ಕೂಗಾಡಲಿಲ್ಲ, ಮಾತೂ ಬಿಡಲಿಲ್ಲ. ಉಣಬಡಿಸುವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುವಳು. ಆದರೆ ಆಫೀಸಿನ ಸುದ್ದಿಯನ್ನು ಮತ್ತೆ ಎಂದೂ ಕೇಳಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಇಬ್ಬರಿಗೂ ಆಡಲು ಮಾತೇ ಉಳಿಯಲಿಲ್ಲ.

ಅಂಬಾ ತೀರಿಕೊಂಡ ಹದಿನೈದನೆಯ ದಿನ ನೀತಾ ಕೊಂಢವಾಕ್ಕೆ ಹೋದಳು. ಹೋಗಬೇಡ, ಕಂಪನಿಗೆ ತೊಡಕಾಗುತ್ತದೆ ಎಂದು ದೇವದಾಸ್ ಹೇಳಿದ್ದರು. ಬಾಗಿಲು ತೆಗೆದವಳು ಬಾಳಕೃಷ್ಣರ ಮಗಳು ಪೂರ್ವಾ, ಶಾಲೆಯ ಶಿಕ್ಷಕಿ. ಯಾರೆಂದು ತಿಳಿದಾಗ ಒಳಗೆ ಕರೆಯಲಿಲ್ಲ. ತಂದೆಯೇ ಎದ್ದು ಬಂದು ಕರೆದು ಕೂರಿಸಿದರು. ತೆಳ್ಳಗಿನ, ಎತ್ತರದ ಮನುಷ್ಯ. ತಲೆ ಬೋಳಿಸಿದ್ದರು.

ಅವಳು ಎಲ್ಲವನ್ನೂ ಹೇಳಿದಳು. ಗುರುವಾರ, ಶುಕ್ರವಾರ, ಶನಿವಾರದ ಕರೆಗಳು. ತಮ್ಮ. ಡ್ರಾವರಿನಲ್ಲಿಟ್ಟ ಹಾಳೆ. ಹೇಳುವಾಗ ಅಳಬಾರದೆಂದು ನಿಶ್ಚಯಿಸಿಕೊಂಡು ಬಂದಿದ್ದಳು. ಅಳಲಿಲ್ಲ.

"ಡಾಕ್ಟರ್ ಅಂದ್ರು, ರೊಕ್ಕ ಮೊದಲs ತುಂಬಿದ್ರೂ ಉಳೀತಿದ್ದಿಲ್ಲ ಅಂತ" ಎಂದರು ಬಾಳಕೃಷ್ಣ. "ಎದಿ ಪೂರಾ ಹೋಗಿತ್ತಂತ. ಖರೇನೂ ಇರಬಹುದು, ನನ್ನ ಸಮಾಧಾನಕ್ಕೂ ಅಂದಿರಬಹುದು. ಆಕಿ ಒಳಗ ಎರಡು ಸಲ ನನ್ನ ಕೇಳಿದ್ಲಂತ. ನರ್ಸ್ ಹೇಳಿದ್ಲು. ನಾ ಇರಲಿಲ್ಲ."

ಪೂರ್ವಾ ಎದ್ದು ಒಳಗೆ ಹೋದಳು.

"ನಿನ್ನ ತಮ್ಮನ ಮ್ಯಾಲೆ ನನಗ ಸಿಟ್ಟ ಬರವಲ್ದವಾ. ಅಂವಗ ನಾವು ಯಾರು ಅಂತ ಗೊತ್ತಿದ್ದಿಲ್ಲ. ಅಂವಾ ಅಂಕಿ ನೋಡಿದ, ಬರ್ಕೊಂಡ." ಅವರು ಅವಳ ಮುಖವನ್ನೇ ನೋಡಿದರು. "ನಿನ್ನ ಮ್ಯಾಲೆ ಬರ್ತದ. ನೀ ದಿನಾ ನಮ್ಮಂಥವರ ಸಂಗಾಟ ಮಾತಾಡ್ತಿದ್ದಿ. ಆ ಕಡೆ ಮನಷ್ಯಾರು ಇರ್ತಾರ ಅಂತ ನಿನಗ ಗೊತ್ತಿತ್ತು."

"ಹೌದ್ರಿ" ಎಂದಳು ನೀತಾ.

"ನಿನಗ ಕೆಟ್ಟದ್ದಾಗ್ಲಿ ಅಂತ ಹೇಳಾಂಗಿಲ್ಲ. ಆದ್ರ ಕ್ಷಮಾ ಮಾಡೀನಿ ಅಂತ ಹೇಳ್ಲಿಕ್ಕೂ ಈಗ ಆಗೂದಿಲ್ಲ. ಬರಬ್ಯಾಡ ಮತ್ತ. ನಿನ್ನ ದನಿ ಕೇಳಿದ್ರ ನನಗ ಆ ಸಾಲು ನೆನಪಾಗ್ತದ."

ಅವಳು ಕೈಮುಗಿದು ಇಳಿದು ಬಂದಳು. ಮತ್ತೆ ಹೋಗಲಿಲ್ಲ.

ಕೆಲಸ ಹೋಗುತ್ತದೆಂದು ತಿಳಿದಿದ್ದಳು, ಹೋಗಲಿಲ್ಲ. ಎರಡು ವರ್ಷ ಸಂಬಳ ಏರಲಿಲ್ಲ, ಅಷ್ಟೇ. ದೇವದಾಸರು ಮೇಲಿನವರ ಮುಂದೆ ಏನು ಹೇಳಿ ಉಳಿಸಿದರೋ ಗೊತ್ತಿಲ್ಲ. ಅವಳು ಸಾಕ್ಷಿ ಹೇಳಲೇಬೇಕಿತ್ತು. ಎರಡು ಸಾವಿರದ ಆರರಲ್ಲಿ ಶಿವಾಜಿನಗರದ ಕೋರ್ಟಿನಲ್ಲಿ, ಮೂರು ಕಾರ್ಡುಗಳು ಒಂದೇ ಹೋಟೆಲಿಗೆ ಹೇಗೆ ಕೂಡಿದವು, ಆ ಮೂರು ಅಂಕಿ ಯಾಕೆ ಕೌಂಟರಿನ ಕಡೆಗೇ ಬೆರಳು ತೋರಿಸುತ್ತವೆ ಎಂದು ವಿವರಿಸಿದಳು. ಸಲೀಸಾಗಿ, ಮರಾಠಿಯಲ್ಲಿ. ಕೊನೆಗೆ ಸರಕಾರಿ ವಕೀಲರು, ಆರೋಪಿಯನ್ನು ಗುರುತಿಸುತ್ತೀರಾ ಎಂದರು. ಬೆರಳು ತೋರಿಸಿದಳು. ಇವರು ನಿಮಗೆ ಏನಾಗಬೇಕು ಎಂದು ಕೇಳಿದಾಗ ಮಾತ್ರ ಮರಾಠಿಯ ಶಬ್ದ ಹೊಳೆಯಲಿಲ್ಲ. "ತಮ್ಮ" ಎಂದಳು. ಜಡ್ಜರು ಏನೆಂದು ಮತ್ತೆ ಕೇಳಿದರು. ಕಟಕಟೆಯಲ್ಲಿ ನಿಂತ ಮಾಂತುನೇ ಮರಾಠಿಯಲ್ಲಿ ಹೇಳಿದ, "ನಾನು ಇವರ ತಮ್ಮ."

ಹೊರಗೆ, ಬೇವಿನ ಮರದ ಕೆಳಗೆ, ಜಾಮೀನಿನ ಮೇಲಿದ್ದ ಅವನು ಅವಳ ಹತ್ತಿರ ಬಂದ. ಕೆನ್ನೆಗಳು ಒಳಗೆ ಹೋಗಿದ್ದವು. ಆಗ ಕಾತ್ರಜದ ಆಚೆ, ಸಾತಾರಾ ರಸ್ತೆಯ ಒಂದು ಢಾಬಾದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ಕೌಂಟರಿನಲ್ಲಿ ಅವನನ್ನು ಕೂರಿಸುವವರು ಇನ್ನು ಯಾರೂ ಇರಲಿಲ್ಲ.

"ಆ ಅಜ್ಜಿ ಸುದ್ದಿ ವಕೀಲ ಹೇಳಿದ" ಎಂದ. "ನೀ ಶನಿವಾರ ಕಾಗದ ಕೊಡಬೇಕಿತ್ತು ಅಕ್ಕಾ. ಇಲ್ಲಂದ್ರ ಪೂರಾ ಕೊಡಬಾರದಿತ್ತು. ಶನಿವಾರ ಕೊಟ್ಟಿದ್ರ ನಾ ಬರೇ ಕಳ್ಳ ಆಗ್ತಿದ್ದೆ."

ಅವಳು ಅವನ ತೋಳು ಹಿಡಿಯಲು ಕೈ ಚಾಚಿದಳು. ಅವನು ಅದನ್ನು ನೋಡಲಿಲ್ಲವೋ, ನೋಡಿಯೂ ಸರಿದನೋ, ಗೇಟಿನ ಕಡೆ ನಡೆದುಬಿಟ್ಟ. ಮರುವರ್ಷ ಅವನಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ಮುಗಿಸಿ ಮತ್ತೆ ಅದೇ ಢಾಬಾ ಸೇರಿದ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ರುದ್ರವ್ವ ಪಾರ್ಶ್ವವಾಯು ಬಡಿದು ನಾಲ್ಕು ದಿನ ಮಲಗಿ ತೀರಿಕೊಂಡಳು. ಕೊನೆಯ ಎರಡು ದಿನ ನಾಲಗೆ ಹೊರಳುತ್ತಿರಲಿಲ್ಲ. ಕಣ್ಣು ಮಾತ್ರ ನೀತಾಳ ಮುಖದಿಂದ ಬಾಗಿಲಿಗೆ, ಬಾಗಿಲಿನಿಂದ ಮುಖಕ್ಕೆ ಓಡಾಡುತ್ತಿತ್ತು. ನೀತಾ ಢಾಬಾಕ್ಕೆ ಸುದ್ದಿ ಕಳಿಸಿದಳು. ಮಾಂತು ಮಣ್ಣಿನ ಹೊತ್ತಿಗೆ ಬಂದ. ಹೆಗಲು ಕೊಟ್ಟ. ಕುಣಿಗೆ ಮೂರು ಹಿಡಿ ಮಣ್ಣು ಹಾಕಿ, ಕೈ ತೊಳೆಯದೆ ಹಾಗೇ ರಸ್ತೆಗೆ ಇಳಿದು ಹೋದ. ಅಕ್ಕನ ಕಡೆ ತಿರುಗಲಿಲ್ಲ. ತಿಂಗಳಾದ ಮೇಲೆ ಅವಳು ಢಾಬಾಕ್ಕೆ ಹೋಗಿ ವಿಚಾರಿಸಿದಾಗ, ಸುರತ್ತಿನ ಕಡೆ ಹೋದನೆಂದರು. ವಿಳಾಸ ಯಾರಲ್ಲಿಯೂ ಇರಲಿಲ್ಲ.

ಎರಡು ಸಾವಿರದ ಒಂಬತ್ತರ ಆಗಸ್ಟಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. ಇಂಟರ್‌ನೆಟ್‌ನಲ್ಲಿ ಕಾರ್ಡಿನಿಂದ ಹಣ ಕೊಡಬೇಕಾದರೆ, ಕಾರ್ಡಿನ ಮೇಲೆ ಎಲ್ಲಿಯೂ ಬರೆದಿರದ, ಅದರ ಒಡೆಯನಿಗೆ ಮಾತ್ರ ಗೊತ್ತಿರುವ ಇನ್ನೊಂದು ಗುಟ್ಟಿನ ಪದ ಹೊಡೆಯಲೇಬೇಕು. ಮುಂದಿನ ಹದಿನಾರು ಅಂಕಿ ಸಿಕ್ಕರೂ, ಹಿಂದಿನ ಮೂರು ಸಿಕ್ಕರೂ, ಇದಿಲ್ಲದೆ ಒಂದು ಪೈಸೆ ಹೊರಡದು. ಸೆಕ್ಷನ್ನಿನಲ್ಲಿ ಎಲ್ಲರೂ ಸಂಭ್ರಮಪಟ್ಟರು. ಹೊಸಬರಿಗೆ ಇದನ್ನು ಕಲಿಸುವ ಕೆಲಸ ನೀತಾಳ ಪಾಲಿಗೆ ಬಂತು. ಐದು ದಿನ ಕಲಿಸಿದಳು. ಇದು ಐದು ವರ್ಷ ಮೊದಲು ಬಂದಿದ್ದರೆ ಎಂಬ ಲೆಕ್ಕವನ್ನು ತರಗತಿಯಲ್ಲಿ ಮಾಡದೆ ಇರಲು ಬಹಳ ಕಷ್ಟಪಟ್ಟಳು. ಬಂದಿದ್ದರೆ, ಮುಂಬೈಯವನು ಮೂರು ಅಂಕಿ ಸಿಕ್ಕ ಮೇಲೂ ನಡೆಯುವುದಿಲ್ಲ ಎಂದು ಹೇಳಿ ಬರುವುದನ್ನೇ ಬಿಡುತ್ತಿದ್ದ. ಮಾಂತು ತಲೆ ಕೆರೆದುಕೊಂಡು ಮತ್ತೆ ಕೌಂಟರಿನಲ್ಲಿ ಕೂರುತ್ತಿದ್ದ. ಅವನೊಳಗೆ ಒಬ್ಬ ಕಳ್ಳನಿದ್ದನೆಂಬುದು ಅಕ್ಕನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆಯೇ ಅವನ ಲಗ್ನ ಮಾಡುತ್ತಿದ್ದಳು.

ಎರಡನೆಯ ವಾರದಲ್ಲಿ, ಗುಟ್ಟಿನ ಪದ ತಪ್ಪಿ ನಿಂತುಹೋದ ಖರೀದಿಗಳ ಮೊದಲ ಪಟ್ಟಿ ಅವಳ ಮೇಜಿಗೆ ಬಂತು. ಅದರಲ್ಲಿ ಒಂದು ಹೆಸರು ಧಾರವಾಡದ ಕಡೆಯದು. ಯಾರೋ ಮೂರು ಸಲ ಪ್ರಯತ್ನಿಸಿ, ಪದ ಹೊಂದದೆ ಬಿಟ್ಟು ಹೋಗಿದ್ದರು. ಕಾರ್ಡಿನ ನಂಬರು ಸರಿ, ತಾರೀಖು ಸರಿ, ಮೂರು ಅಂಕಿಯೂ ಸರಿ. ನೀತಾ ಕರೆ ಮಾಡಿದಳು. ಒಬ್ಬ ಹೆಂಗಸು ಎತ್ತಿದರು. ಹಿಂದೆ ಕುಕ್ಕರಿನ ಸೀಟಿ, ಯಾರೋ ನಗುತ್ತಿದ್ದರು.

"ನಿಮ್ಮ ಕಾರ್ಡಿನ ಮ್ಯಾಲೆ ಯಾರೋ ಖರೀದಿ ಮಾಡ್ಲಿಕ್ಕೆ ನೋಡ್ಯಾರ್ರಿ. ಆದ್ರ ಆಗಿಲ್ಲ. ನಿಮ್ಮ ರೊಕ್ಕ ಹೋಗಿಲ್ಲ."

"ಏನೂ ಆಗಿಲ್ಲೇನ್ರಿ?"

"ಏನೂ ಆಗಿಲ್ರಿ."

"ಹಂಗಾರ ಯಾಕ ಫೋನ್ ಮಾಡಿದ್ರಿ?" ಹೆಂಗಸು ನಗುನಗುತ್ತಲೇ ಕೇಳಿದರು.

ಹಳೆಯ ಕಾರ್ಡು ಕತ್ತರಿಸಿ ಹಾಕಿರಿ, ಹೊಸದು ಕಳಿಸುತ್ತೇವೆ ಎಂದು ಹೇಳಬೇಕಿತ್ತು. ಆ ಕಡೆಯವರು ಹಲೋ, ಹಲೋ ಎನ್ನುತ್ತಿದ್ದರು. ನೀತಾ ಹಣೆಯನ್ನು ಅಂಗೈಗೆ ಆನಿಸಿಕೊಂಡು, ಅವರ ಮನೆಯ ಸಪ್ಪಳವನ್ನು ಕೇಳುತ್ತ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದಳು.